ಮೂವತ್ತೆರಡರಲ್ಲಿ ಮೂರು ಪಾಲು

ಪಾಸ್‌ಪೋರ್ಟ್ ಮಾಡಿಸಬೇಕು ಅಂದರೆ ಬರ್ತ್ ಸರ್ಟಿಫಿಕೇಟ್ ಬೇಕು. 1977ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯದ ಸೂಸಿ ಗಿಲರಿ ಫಿಪ್ಸ್ ಎಂಬ ಮಹಿಳೆಗೂ ಅದೇ ಬೇಕಿತ್ತು. ದಕ್ಷಿಣ ಅಮೆರಿಕ ಸುತ್ತಿ ಬರುವ ಆಸೆ. ವಯಸ್ಸು 43. ನ್ಯೂ ಆರ್ಲಿಯನ್ಸ್‌ನ ಜನನ ಮರಣ ನೋಂದಣಿ ಕಚೇರಿಯಲ್ಲಿ ಒಬ್ಬ ಗುಮಾಸ್ತೆ ಅವರನ್ನು ಪಕ್ಕಕ್ಕೆ ಕರೆದು ಕಾಗದ ತೋರಿಸಿದಳು. ಅಪ್ಪನ ಜನಾಂಗ ಎಂಬಲ್ಲಿ ಇಂಗ್ಲಿಷಿನ 'ಕಲರ್ಡ್' ಪದದ ಮೊದಲ ಮೂರು ಅಕ್ಷರ, ಒಂದು ಚುಕ್ಕೆ. ಅಮ್ಮನ ಜನಾಂಗ ಎಂಬಲ್ಲೂ ಅದೇ ಮೂರು ಅಕ್ಷರ, ಅದೇ ಚುಕ್ಕೆ. 'ಕಲರ್ಡ್' ಅಂದರೆ ಅಲ್ಲಿನ ಲೆಕ್ಕದಲ್ಲಿ ಕರಿಯರು.

ಸೂಸಿ ಹುಟ್ಟಿನಿಂದ ಬಿಳಿಯರಾಗಿಯೇ ಬದುಕಿದವರು. ಎರಡು ಮದುವೆಯೂ ಬಿಳಿಯರ ಜೊತೆಗೇ. ಮಕ್ಕಳು, ಮೊಮ್ಮಕ್ಕಳು ದಾಖಲೆಯಲ್ಲಿ ಬಿಳಿಯರು. ಡ್ರೈವಿಂಗ್ ಲೈಸೆನ್ಸ್‌ನಲ್ಲೂ ಹಾಗೇ ಇತ್ತು. ಆ ಕಾಗದ ನೋಡಿದ ಮೇಲೆ ಮೂರು ದಿನ ಹುಷಾರಿಲ್ಲದೆ ಮಲಗಿಬಿಟ್ಟೆ ಎಂದು ಆಮೇಲೆ ಪತ್ರಕರ್ತರ ಹತ್ತಿರ ಹೇಳಿಕೊಂಡರು.

ಈ ಪ್ರಕರಣದ ಬಗ್ಗೆ ಬಂದಿರುವ ಬರಹಗಳು ಹೆಚ್ಚಾಗಿ "ನೋಡಿ, ಎಂಥ ಹುಚ್ಚು ಕಾನೂನು" ಎಂಬಲ್ಲಿಗೆ ನಿಲ್ಲುತ್ತವೆ. ಕಾನೂನು ಹುಚ್ಚೇ, ಅನುಮಾನ ಇಲ್ಲ. ನನ್ನ ತಲೆ ಕೆಡಿಸಿದ್ದು ಬೇರೆ. ಒಬ್ಬರ ಜನಾಂಗ ಯಾವುದು ಎಂದು ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳ ನಡೆಯಿತಲ್ಲ, ಆಗ ಎರಡೂ ಕಡೆಯವರು ಕೈಯಲ್ಲಿ ಹಿಡಿದು ತಂದದ್ದು ಏನು? ಮುಖ ಅಲ್ಲ. ರಕ್ತವೂ ಅಲ್ಲ, 'ರಕ್ತ' ಎಂಬ ಪದ ಕಾನೂನಿನಲ್ಲೇ ಇದ್ದರೂ ಒಂದು ಹನಿ ರಕ್ತವನ್ನೂ ಯಾರೂ ಪರೀಕ್ಷೆ ಮಾಡಿಸಲಿಲ್ಲ. ತಂದದ್ದು ಕಾಗದ. ಒಬ್ಬ ಗುಮಾಸ್ತ ಹಿಂದಿನ ಗುಮಾಸ್ತನನ್ನು ನೋಡಿ ಬರೆದದ್ದು, ಅವನು ಅವನಿಗಿಂತ ಹಿಂದಿನವನನ್ನು ನೋಡಿ ಬರೆದದ್ದು. ಕೊನೆಗೆ ಎಲ್ಲಕ್ಕೂ ಬುಡದಲ್ಲಿ ಯಾರೋ ಒಬ್ಬರು ಕಣ್ಣಲ್ಲಿ ನೋಡಿ ಅಂದಾಜು ಮಾಡಿದ್ದು. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಕಾನೂನು. ಲೂಸಿಯಾನದಲ್ಲಿ 1970ಕ್ಕೆ ಮುಂಚೆ ನಡೆಯುತ್ತಿದ್ದ ಪದ್ಧತಿ ಇನ್ನೂ ಕಟುವಾಗಿತ್ತು: ಹುಡುಕಿದರೆ ಸಿಗುವಷ್ಟು ಆಫ್ರಿಕನ್ ಮೂಲ ಇದ್ದರೆ ಸಾಕು, ಆ ವ್ಯಕ್ತಿ ಕಲರ್ಡ್. ಎಷ್ಟು ತಲೆಮಾರು ಹಿಂದೆ ಎಂಬುದಕ್ಕೆ ಮಿತಿಯೇ ಇಲ್ಲ. 1930ರ ದಶಕದ ಕೊನೆಯಲ್ಲಿ ಗಂಡನೊಬ್ಬ ಇದನ್ನೇ ಹಿಡಿದುಕೊಂಡು ತನ್ನ ಮದುವೆ ಅಸಿಂಧು ಅಂತ ಕೋರ್ಟಿಗೆ ಹೋದ. ಹೆಂಡತಿಯ ಅಜ್ಜಿಯ ಅಜ್ಜಿ ಕರಿಯಳು ಎಂದು ಅವನ ವಾದ. ಅಲ್ಲ, ಆಕೆ ಮೂಲನಿವಾಸಿ ಇಂಡಿಯನ್ ಎಂದು ಹೆಂಡತಿಯ ವಾದ. ಆಗ ಅಲ್ಲಿ ಬಿಳಿಯರು ಕರಿಯರು ಮದುವೆಯಾಗುವುದು ಕಾನೂನಿಗೆ ವಿರುದ್ಧವಾಗಿತ್ತು, ಆ ನಿಷೇಧ ಇಡೀ ದೇಶದಲ್ಲಿ ಬಿದ್ದುಹೋದದ್ದು 1967ರಲ್ಲಿ. ಕೊನೆಗೆ ಗಂಡ ಗೆದ್ದ. ಹೆಂಡತಿ ಬೇಡ ಅನ್ನಿಸಿದ ಗಂಡನಿಗೆ ಅವಳ ಅಜ್ಜಿಯ ಅಜ್ಜಿ ಹೀಗೂ ಉಪಯೋಗಕ್ಕೆ ಬಂದಳು ನೋಡಿ.

1970ರಲ್ಲಿ ರಾಜ್ಯ ಇದಕ್ಕೊಂದು ಗಡಿ ಹಾಕಿತು. ಮೂವತ್ತೆರಡರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ 'ನೀಗ್ರೋ ರಕ್ತ' ಇರುವವರನ್ನು ಸರ್ಕಾರಿ ಅಧಿಕಾರಿಗಳು ಕಲರ್ಡ್ ಎಂದು ಬರೆಯುವಂತಿಲ್ಲ. ಮೊದಲಿನದಕ್ಕೆ ಹೋಲಿಸಿದರೆ ಇದು ಸಡಿಲಿಕೆಯೇ. ಆದರೆ ಹೀಗೆ ಸಂಖ್ಯೆಯೊಂದನ್ನು ಕಾನೂನಿನಲ್ಲಿ ಬರೆದಿಟ್ಟ ಕೂಡಲೇ ಅದು ಅಳೆಯಬಹುದಾದ ವಸ್ತು ಅನ್ನಿಸಿಬಿಡುತ್ತದೆ, ಅಲ್ವಾ? ಹಾಲಿನಲ್ಲಿ ನೀರೆಷ್ಟು ಎಂದು ನೋಡಿದ ಹಾಗೆ.

ಲೆಕ್ಕ ಮಾಡಿ ನೋಡೋಣ. ಅಪ್ಪ ಅಮ್ಮ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಅದರ ಹಿಂದೆ ಎಂಟು, ಹದಿನಾರು, ಐದನೇ ಮೆಟ್ಟಿಲಲ್ಲಿ ಮೂವತ್ತೆರಡು ಜನ. ಆ ಮೂವತ್ತೆರಡರಲ್ಲಿ ಒಬ್ಬರು ಆಫ್ರಿಕಾದಿಂದ ಬಂದವರಾಗಿದ್ದು ಉಳಿದ ಮೂವತ್ತೊಂದು ಜನ ಯುರೋಪಿನವರಾಗಿದ್ದರೆ ನೀವು ಬಿಳಿಯರು. ಇಬ್ಬರಿದ್ದರೆ ಕರಿಯರು. ಮೂವತ್ತು ಜನರ ಕಡೆ ತಿರುಗಿಯೂ ನೋಡುವುದಿಲ್ಲ. ಇದನ್ನೇ ತಿರುಗಿಸಿ, "ಮೂವತ್ತೆರಡರಲ್ಲಿ ಇಬ್ಬರು ಬಿಳಿಯರಿದ್ದರೆ ಅವರು ಬಿಳಿಯರು" ಎಂಬ ಕಾನೂನು ಎಲ್ಲೂ ಇರಲಿಲ್ಲ.

ಸೂಸಿ ತಿದ್ದುಪಡಿ ಕೇಳಿದರು, ಆಗಲಿಲ್ಲ, ಕೊನೆಗೆ ಕೇಸು ಹಾಕಿದರು. ಒಡಹುಟ್ಟಿದವರಲ್ಲಿ ಕೆಲವರೂ ಜೊತೆ ಸೇರಿದರು. ಮೊದಲು ಹೆಸರು ಹೇಳದೆ 'ಜೇನ್ ಡೋ' ಎಂದು ಹಾಕಿದ ಕೇಸು ಅದು, ಹೆಸರು ಹೊರಗೆ ಬಂದದ್ದು ಆಮೇಲೆ. ಅವರ ವಾದ ಸರಳ: 1934ರಲ್ಲಿ ಅಕೇಡಿಯ ಪ್ಯಾರಿಷ್‌ನಲ್ಲಿ ನಾನು ಹುಟ್ಟಿದಾಗ ಸೂಲಗಿತ್ತಿ ತಪ್ಪು ಬರೆಸಿದ್ದಾಳೆ, ತಿದ್ದಿಕೊಡಿ. (ಪ್ಯಾರಿಷ್ ಎಂದರೆ ಅಲ್ಲಿ ಜಿಲ್ಲೆ ಇದ್ದ ಹಾಗೆ. ಬೇರೆ ರಾಜ್ಯಗಳಲ್ಲಿ ಕೌಂಟಿ ಅನ್ನುತ್ತಾರೆ.) ರಾಜ್ಯ ಸುಮ್ನೆ ತಿದ್ದಿಕೊಡಬಹುದಿತ್ತು. ಕೊಡಲಿಲ್ಲ. ಐದು ಸಾವಿರ ಡಾಲರ್ ಕೊಟ್ಟು ವಂಶಾವಳಿ ಹುಡುಕುವ ತಜ್ಞರನ್ನು ನೇಮಿಸಿಕೊಂಡಿತು. ಚರ್ಚ್ ದಾಖಲೆ, ಜನಗಣತಿ, ಹಳೇ ಕೋರ್ಟ್ ಕಡತ, ಸಂಬಂಧಿಕರ ಹೇಳಿಕೆ ಎಲ್ಲ ಸೇರಿ ಐದು ಕೆಜಿ ತೂಕದ ಕಡತ ತಯಾರಾಯಿತು. ಹಿಂದಕ್ಕೆ ಹೋದದ್ದು 222 ವರ್ಷ.

ಋಷಿ ಮೂಲ, ನದಿ ಮೂಲ ಕೇಳಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಕೇಳಿಸಿತು.

ಆ 222 ವರ್ಷದ ತುದಿಯಲ್ಲಿ ಸಿಕ್ಕ ಹೆಸರು ಮಾರ್ಗರಿಟ. ಸೂಸಿಗೆ ಅಜ್ಜನ ಅಜ್ಜನ ಅಜ್ಜಿಯ ಸಾಲಿನವಳು, ಅಂದರೆ ಆರು ಮೆಟ್ಟಿಲು ಹಿಂದೆ. ಗುಲಾಮಳು. ಗ್ರೆಗ್ವಾರ್ ಗಿಲರಿ ಎಂಬ ಫ್ರೆಂಚ್ ಜಮೀನುದಾರನ ಮನೆಯಲ್ಲಿ ಇದ್ದವಳು, ಆತನಿಂದ ಮಕ್ಕಳನ್ನು ಪಡೆದವಳು. ಆಗ ಲೂಸಿಯಾನ ಅಮೆರಿಕದ ಭಾಗವೇ ಆಗಿರಲಿಲ್ಲ. ಫ್ರೆಂಚರ ಕೈಯಿಂದ ಸ್ಪೇನಿಗೆ ಹೋಗಿತ್ತು, ಅಮೆರಿಕ ಅದನ್ನು ಕೊಂಡದ್ದು 1803ರಲ್ಲಿ. ಗ್ರೆಗ್ವಾರ್‌ಗೆ ಮದುವೆಯ ಹೆಂಡತಿಯಿಂದ ಹುಟ್ಟಿದ ಬಿಳಿಯ ಗಂಡುಮಕ್ಕಳೂ ಇದ್ದರು. ಮಾರ್ಗರಿಟ ಮತ್ತು ಅವಳ ಮಕ್ಕಳು ಸ್ವತಂತ್ರರೋ, ಇಲ್ಲ ಆಸ್ತಿಯಲ್ಲಿ ಸೇರುವ ವಸ್ತುವೋ ಎಂಬುದರ ಮೇಲೆ ಆ ಗಂಡುಮಕ್ಕಳ ಜೊತೆ ಜಗಳ ಎದ್ದಿತು. 1780ರ ದಶಕದ ಆರಂಭದಲ್ಲಿ ಆಕೆ ಸ್ಪೇನಿನ ಆಡಳಿತದ ಕೋರ್ಟಿಗೆ ಹೋಗಿ ತನ್ನ ಮತ್ತು ಮಕ್ಕಳ ಸ್ವಾತಂತ್ರ್ಯವನ್ನು ಗಟ್ಟಿ ಮಾಡಿಕೊಂಡಳು.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಗುಲಾಮಳಾಗಿದ್ದ ಒಬ್ಬ ಹೆಂಗಸು, ಮಾಲೀಕನ ಮಕ್ಕಳ ವಿರುದ್ಧ ಕೋರ್ಟಿನಲ್ಲಿ ನಿಂತು ಗೆದ್ದಿದ್ದಾಳೆ. ಯಾರ ಮನೆತನದಲ್ಲಾದರೂ ಇಂಥ ಒಬ್ಬ ಅಜ್ಜಿ ಇದ್ದರೆ ಮನೆಮಂದಿ ಅವಳ ಕಥೆಯನ್ನು ಮಕ್ಕಳಿಗೆ ಹೇಳಬೇಕು. ಆದರೆ ಅವಳ ಹೆಸರು ಕುಟುಂಬದ ಒಂದು ಕವಲಿನಲ್ಲಿ ಪೂರ್ತಿ ಅಳಿಸಿಹೋಗಿತ್ತು. ಮತ್ತೆ ಕಾಣಿಸಿಕೊಂಡದ್ದು ಇನ್ನೂರು ವರ್ಷದ ನಂತರ, ಅದೇ ರಾಜ್ಯದ ಕೋರ್ಟಿನಲ್ಲಿ, ಸರ್ಕಾರದ ಪರ ಸಾಕ್ಷ್ಯವಾಗಿ. ಬಿಡಿಸಿಕೊಳ್ಳಲು ಆಕೆ ಮಾಡಿಸಿಟ್ಟ ಕಾಗದಗಳ ಸಾಲಿನಲ್ಲೇ ಅವಳ ಸಂತತಿಯನ್ನು ಕಟ್ಟಿಹಾಕುವ ಕಾಗದವೂ ಸಿಕ್ಕಿತು.

ಈಗ ಮತ್ತೆ ಲೆಕ್ಕಕ್ಕೆ ಬನ್ನಿ. ಆರನೇ ಮೆಟ್ಟಿಲಲ್ಲಿ ಅರವತ್ತನಾಲ್ಕು ಜನ ಇರುತ್ತಾರೆ. ಮಾರ್ಗರಿಟ ಒಬ್ಬಳೇ ಆಗಿದ್ದರೆ ಸೂಸಿಯ ಪಾಲು ಅರವತ್ತನಾಲ್ಕರಲ್ಲಿ ಒಂದು, ಕಾನೂನಿನ ಗಡಿಯ ಅರ್ಧ. ಸೂಸಿ ಗೆಲ್ಲಬೇಕಿತ್ತು. ರಾಜ್ಯದ ತಜ್ಞರು ಬೇರೆ ಕವಲುಗಳಲ್ಲೂ ಆಫ್ರಿಕನ್ ಮೂಲದವರನ್ನು ಹುಡುಕಿ ತೆಗೆದು, ಎಲ್ಲ ಕೂಡಿಸಿ ಮೂವತ್ತೆರಡರಲ್ಲಿ ಮೂರು ಪಾಲು ಎಂದರು. ಗಡಿಯ ಮೂರು ಪಟ್ಟು.

ಕೇಳೋಕೆ ಎಷ್ಟು ಖಚಿತವಾಗಿದೆ! ಆದರೆ ಈ ಭಿನ್ನರಾಶಿಯ ಕೆಳಗೆ ಇರುವುದೇನು ನೋಡಿ. ಹಳೇ ದಾಖಲೆಗಳಲ್ಲಿ ಒಬ್ಬೊಬ್ಬರ ಮುಂದೆಯೂ ಒಂದು ಪದ ಇರುತ್ತದೆ: ನೀಗ್ರೋ, ಮುಲಾಟೊ, ಕ್ವಾಡ್ರೂನ್, ಆಕ್ಟೊರೂನ್. ಪೂರ್ತಿ, ಅರ್ಧ, ಕಾಲು, ಅರೆಕಾಲು. ಈ ಪದಗಳನ್ನು ಬರೆದವರು ಯಾರು? ದೀಕ್ಷಾಸ್ನಾನ ಮಾಡಿಸಿದ ಪಾದ್ರಿ, ಆಸ್ತಿಪತ್ರ ಬರೆದ ನೋಟರಿ, ಮನೆ ಬಾಗಿಲಿಗೆ ಬಂದ ಗಣತಿದಾರ. ಬಣ್ಣ ನೋಡಿ ಬರೆದರು, ಇಲ್ಲವೇ ಪಕ್ಕದ ಮನೆಯವರನ್ನು ಕೇಳಿ ಬರೆದರು. ಅಣ್ಣ ತಮ್ಮಂದಿರಲ್ಲೇ ಒಬ್ಬ ಎಣ್ಣೆಗೆಂಪು ಬಣ್ಣ, ಇನ್ನೊಬ್ಬ ಬೆಳ್ಳಗೆ ಇದ್ದರೆ ಇಬ್ಬರಿಗೆ ಬೇರೆ ಬೇರೆ ಪದ ಬೀಳಲು ಅಡ್ಡಿಯೇನಿಲ್ಲ. ಆ ಅಂದಾಜುಗಳನ್ನು ಕೂಡಿ, ಎರಡರಿಂದ ಭಾಗಿಸಿ, ಮತ್ತೆ ಎರಡರಿಂದ ಭಾಗಿಸಿ ಬಂದ ಉತ್ತರವೇ ಈ ಮೂರು ಪಾಲು. ಬುಡದಲ್ಲಿರುವುದು ಕಣ್ಣಳತೆ. ತುದಿಯಲ್ಲಿ ಮಾತ್ರ ಗಣಿತ.

ಅಮೆರಿಕದ ಜನಗಣತಿಯ ಇತಿಹಾಸ ಗೊತ್ತಿದ್ದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1850ರ ಗಣತಿಯಲ್ಲಿ 'ಮುಲಾಟೊ' ಎಂಬ ಗುಂಪು ಬಂತು. 1890ರಲ್ಲಿ ಕ್ವಾಡ್ರೂನ್, ಆಕ್ಟೊರೂನ್ ಅಂತ ಇನ್ನೂ ಎರಡು ಸೇರಿಸಿದರು. 1900ರಲ್ಲಿ ಎಲ್ಲ ತೆಗೆದರು. 1910, 1920ರಲ್ಲಿ ಮುಲಾಟೊ ಮತ್ತೆ ಬಂತು. 1930ರಲ್ಲಿ ಮತ್ತೆ ಹೋಯಿತು. ಆ ವರ್ಷ ಗಣತಿದಾರರಿಗೆ ಕೊಟ್ಟ ಸೂಚನೆ ಎಂದರೆ, ಎಷ್ಟೇ ಕಡಿಮೆ ಇರಲಿ, ಮಿಶ್ರಣ ಇದ್ದರೆ 'ನೀಗ್ರೋ' ಎಂದೇ ಬರೆಯಿರಿ. ಹೀಗಾಗಿ 1920ರಲ್ಲಿ ಮುಲಾಟೊ ಆಗಿದ್ದವರು ಹತ್ತು ವರ್ಷದಲ್ಲಿ, ಮನೆ ಬದಲಿಸದೆ, ಮೈಬಣ್ಣ ಬದಲಿಸದೆ, ನೀಗ್ರೋ ಆಗಿಬಿಟ್ಟರು. ಸೂಸಿ ಹುಟ್ಟಿದ್ದು ಇದಾದ ನಾಲ್ಕೇ ವರ್ಷಕ್ಕೆ. ಜನ ತಮ್ಮ ಜನಾಂಗವನ್ನು ತಾವೇ ತುಂಬುವ ಪದ್ಧತಿ ಶುರುವಾದದ್ದು 1960ರಲ್ಲಿ, ಒಂದಕ್ಕಿಂತ ಜಾಸ್ತಿ ಗುರುತು ಹಾಕಲು ಬಿಟ್ಟದ್ದು 2000ದಲ್ಲಿ.

ಲೂಸಿಯಾನದಲ್ಲಂತೂ ಕಾಗದ ಕಾಯುವುದೇ ಒಂದು ಕೆಲಸವಾಗಿತ್ತು. 1949ರಿಂದ 1965ರವರೆಗೆ ನ್ಯೂ ಆರ್ಲಿಯನ್ಸ್‌ನ ನೋಂದಣಿ ಕಚೇರಿಯಲ್ಲಿ ನಯೋಮಿ ಡ್ರೇಕ್ ಎಂಬ ಅಧಿಕಾರಿ ಇದ್ದರು. ಅನುಮಾನದ ಅಡ್ಡಹೆಸರುಗಳದೊಂದು ಪಟ್ಟಿ ಇಟ್ಟುಕೊಂಡಿದ್ದರು. ಆ ಅಡ್ಡಹೆಸರಿನವರು ಯಾರಾದರೂ 'ಬಿಳಿಯ' ಎಂದು ಸರ್ಟಿಫಿಕೇಟ್ ಕೇಳಿದರೆ ಕೂಡಲೇ ಮೂಲ ಕೆದಕುವುದು. ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನೂ ಓದಿಸುತ್ತಿದ್ದರು: ಸತ್ತವರ ಸಂಬಂಧಿಕರು ಯಾರು, ಶವಸಂಸ್ಕಾರ ಕರಿಯರ ಕಡೆಯದೋ ಬಿಳಿಯರ ಕಡೆಯದೋ. ಸಾವಿರಗಟ್ಟಲೆ ಅರ್ಜಿಗಳು ಹೀಗೆ ಕೊಳೆತವು. ಹೆಣ ಯಾವ ಸ್ಮಶಾನಕ್ಕೆ ಹೋಯಿತು ಎಂದು ನೋಡಿ ಬದುಕಿದವರ ಜಾತಕ ಬರೆಯುವ ಇಂಥ ಕೆಲಸಕ್ಕೆ ಸಂಬಳ ಬೇರೆ.

ಇನ್ನು ಕೋರ್ಟಿನ ಕಥೆ. ಸೂಸಿಯ ಪರವಾಗಿ ಟ್ಯುಲೇನ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಮನ್ರೋ ಎಡ್ಮನ್ಸನ್ ಸಾಕ್ಷಿ ಹೇಳಿದರು. ಈ ಮೂವತ್ತೆರಡರ ಲೆಕ್ಕಕ್ಕೆ ವಿಜ್ಞಾನದಲ್ಲಿ ಅರ್ಥವಿಲ್ಲ, ಬಿಳಿಯರಲ್ಲೇ ಬಹಳಷ್ಟು ಜನರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಆಫ್ರಿಕನ್ ಮೂಲ ಇರುತ್ತದೆ ಎಂದರು. ಇಪ್ಪತ್ತರಲ್ಲಿ ಒಂದು ಎಂದರೆ ಮೂವತ್ತೆರಡರಲ್ಲಿ ಒಂದಕ್ಕಿಂತ ಜಾಸ್ತಿ. ಹಾಗಾದರೆ ಕಾನೂನು ನೆಟ್ಟಗೆ ಜಾರಿ ಮಾಡಿದರೆ ಕಚೇರಿಯಲ್ಲಿ ಕೂತ ಅಧಿಕಾರಿಗಳ ಗತಿ ಏನು? ಮಾತು ಮಜವಾಗಿದೆ, ಆದರೆ ಆ ಸಂಖ್ಯೆ ಜಾಸ್ತಿಯಾಯಿತು ಎಂದು ಈಗ ಗೊತ್ತು. ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡ ಗ್ರಾಹಕರ ಮಾಹಿತಿ ಇಟ್ಟುಕೊಂಡು 2015ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ತಮ್ಮನ್ನು ಬಿಳಿಯರು ಎಂದುಕೊಂಡವರಲ್ಲಿ ಇಡೀ ದೇಶದಲ್ಲಿ ಸುಮಾರು 3.5 ಶೇಕಡಾ ಜನರಲ್ಲಿ ಮಾತ್ರ ಒಂದು ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಆಫ್ರಿಕನ್ ಮೂಲ ಕಾಣಿಸಿತು. ಲೂಸಿಯಾನದಲ್ಲಿ ಮಾತ್ರ ಅದು ಸುಮಾರು 12 ಶೇಕಡಾ. ಅಂದರೆ ಸೂಸಿಯ ರಾಜ್ಯದಲ್ಲಿ ಎಂಟು ಜನ ಬಿಳಿಯರಲ್ಲಿ ಒಬ್ಬರ ಹಿಂದೆ ಒಬ್ಬ ಮಾರ್ಗರಿಟ ಇದ್ದಾಳೆ ಅಂದುಕೊಳ್ಳಿ. ಅವರಲ್ಲಿ ಹೆಚ್ಚಿನವರು ಪಾಸ್‌ಪೋರ್ಟ್ ಮಾಡಿಸಿಕೊಂಡು ಸುಖವಾಗಿ ಪ್ರವಾಸ ಹೋಗಿ ಬಂದಿರುತ್ತಾರೆ.

ರಾಜ್ಯದ ವಕೀಲರು ಹೇಳಿದ್ದು ಬೇರೆ: ಕೇಂದ್ರ ಸರ್ಕಾರಕ್ಕೆ ಅಂಕಿ ಅಂಶ ಕೊಡಬೇಕು, ವಂಶವಾಹಿ ಕಾಯಿಲೆಗಳನ್ನು ತಡೆಯುವ ಕಾರ್ಯಕ್ರಮಕ್ಕೆ ಬೇಕು, ಹಾಗಾಗಿ ವರ್ಗೀಕರಣ ಬೇಕೇ ಬೇಕು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಯಾರಿಗೆ ಶಾಲೆ ಸಿಗುತ್ತಿಲ್ಲ, ಯಾರ ಮಕ್ಕಳು ಜಾಸ್ತಿ ಸಾಯುತ್ತಿದ್ದಾರೆ ಎಂದು ತಿಳಿಯಲು ಗುಂಪುಗಳ ಲೆಕ್ಕ ಬೇಕಾಗುತ್ತದೆ. ಆದರೆ ಅದಕ್ಕೆ ಇವತ್ತು ಬದುಕಿರುವ ವ್ಯಕ್ತಿಯನ್ನು ಕೇಳಿದರೆ ಸಾಕು. 1760ರ ಗುಲಾಮಳೊಬ್ಬಳನ್ನು ಎಬ್ಬಿಸಿ ಕರೆತರಬೇಕಿಲ್ಲ.

ರಾಜ್ಯದ ಕೈಯಲ್ಲಿದ್ದ ಗಟ್ಟಿ ಸಾಕ್ಷ್ಯ ಇನ್ನೊಂದು ಇತ್ತು, ನನಗೆ ಮಾರ್ಗರಿಟಳಿಗಿಂತ ಇದೇ ಹೆಚ್ಚು ಕಾಡುತ್ತದೆ. ಸೂಸಿಯ ಸಂಬಂಧಿಕರಲ್ಲೇ ಕೆಲವರು, ನಾವು ನಮ್ಮನ್ನು ಕಲರ್ಡ್ ಎಂದೇ ತಿಳಿದುಕೊಂಡಿದ್ದೇವೆ ಎಂದು ಹೇಳಿಕೆ ಕೊಟ್ಟರು. ಒಂದೇ ಬೇರಿನ ಕುಟುಂಬ. ಒಂದು ಕವಲು ಗೆರೆಯ ಆ ಕಡೆ, ಇನ್ನೊಂದು ಈ ಕಡೆ. ಲೂಸಿಯಾನದ ಫ್ರೆಂಚಿನಲ್ಲಿ ಇದಕ್ಕೆ 'ಪಾಸೆ ಬ್ಲಾಂ' ಎಂಬ ಮಾತೇ ಇದೆ, ಬಿಳಿಯರಾಗಿ ದಾಟಿಹೋದವರು ಎಂದು ಅರ್ಥ. ದಾಟುವುದು ಎಂದರೆ ಏನು ಯೋಚಿಸಿ. ಬಣ್ಣ ತೆಳ್ಳಗಿದ್ದರೆ ಬೇರೆ ಊರಿಗೆ ಹೋಗಿ ಬಿಳಿಯರ ಕೆಲಸ, ಬಿಳಿಯರ ಶಾಲೆ, ಬಸ್ಸಿನಲ್ಲಿ ಮುಂದಿನ ಸೀಟು ಎಲ್ಲ ಸಿಗುತ್ತದೆ. ಆದರೆ ಕಪ್ಪಗಿರುವ ತಂಗಿ ಮನೆಗೆ ಬರುವ ಹಾಗಿಲ್ಲ. ಚಿಕ್ಕಪ್ಪ ಸತ್ತರೆ ಹೋಗುವ ಹಾಗಿಲ್ಲ. ಮಕ್ಕಳು "ನಮ್ಮಜ್ಜಿ ಯಾರು" ಎಂದು ಕೇಳಿದರೆ ಮಾತು ಹಾರಿಸಬೇಕು. ಎರಡು ತಲೆಮಾರು ಹೀಗೆ ಹಾರಿಸಿದರೆ ಮೂರನೆಯವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಸುಳ್ಳನ್ನು ನಿಜವೆಂದೇ ಬಳುವಳಿಯಾಗಿ ಪಡೆದಿರುತ್ತಾರೆ.

ಸೂಸಿಗೆ ಮೊದಲೇ ಗೊತ್ತಿತ್ತಾ? ಇಲ್ಲ ಎಂದೇ ಅವರು ಕೊನೆಯವರೆಗೂ ಹೇಳಿದರು. ನನಗೆ ಅದರಲ್ಲಿ ತೀರ್ಪು ಕೊಡುವ ಆಸೆ ಇಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಸೂಸಿಯನ್ನು ನಾಯಕಿ ಮಾಡಿ ಬರೆಯುವುದು ಸುಲಭ, ಸರಿಯಲ್ಲ. ಅವರ ವಕೀಲರು ಇಡೀ ವರ್ಗೀಕರಣವೇ ಸಂವಿಧಾನಕ್ಕೆ ವಿರುದ್ಧ ಎಂದು ವಾದಿಸಿದರು, ನಿಜ. ಸೂಸಿಗೆ ಬೇಕಾಗಿದ್ದು ಮಾತ್ರ 'ಬಿಳಿಯ' ಎಂಬ ಒಂದು ಪದ. ಕರಿಯರಿಗೆ ಆ ಪದದಿಂದ ಏನೇನು ತಪ್ಪಿಹೋಯಿತು ಎಂಬುದು ಅವರ ಚಿಂತೆಯಾಗಿರಲಿಲ್ಲ. ತಮ್ಮ ಕಡೆ ಕೂಲಿಯವರನ್ನು ಬಿಟ್ಟರೆ ಕರಿಯರೇ ಇಲ್ಲ ಎಂದೂ ಸಂದರ್ಶನದಲ್ಲಿ ಹೇಳಿದ್ದರು. ಇದೇ ರಾಜ್ಯದ ಹೋಮರ್ ಪ್ಲೆಸಿಯನ್ನು ನೆನೆಸಿಕೊಳ್ಳಿ. ಎಂಟರಲ್ಲಿ ಏಳು ಪಾಲು ಬಿಳಿಯ ಮೂಲದವನು, ನೋಡಿದರೆ ಗೊತ್ತಾಗುತ್ತಿರಲಿಲ್ಲ. 1892ರಲ್ಲಿ ಬೇಕೆಂದೇ ಬಿಳಿಯರ ರೈಲು ಡಬ್ಬಿಯಲ್ಲಿ ಕೂತು, ತಾನು ಕಲರ್ಡ್ ಎಂದು ಬಾಯಿಬಿಟ್ಟು ಹೇಳಿ, ಬಂಧನಕ್ಕೊಳಗಾದ. ಆ ಡಬ್ಬಿಗಳ ಬೇಲಿಯನ್ನೇ ಕೀಳಬೇಕೆಂಬ ಹಟ. 1896ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಅವನ ಪಾಲು ಎಂಟರಲ್ಲಿ ಒಂದು, ಸೂಸಿಯ ಪಾಲು ರಾಜ್ಯದ ಲೆಕ್ಕದಲ್ಲೇ ಅದಕ್ಕಿಂತ ಕಡಿಮೆ. ಅವನು ಹೇಳಿಕೊಂಡ, ಇವರು ಹೇಳಿಕೊಳ್ಳಲಿಲ್ಲ. ಹಾಗಂತ ಬೈಯುವುದೂ ನನಗೆ ಸರಿ ಕಾಣುವುದಿಲ್ಲ. 43 ವರ್ಷ ಒಂದು ಹೆಸರಿನಲ್ಲಿ ಬದುಕಿದವರಿಗೆ, ಆ ಹೆಸರು ಬೆಲೆಬಾಳುತ್ತಿದ್ದ ಊರಿನಲ್ಲಿ, ಅದನ್ನು ಕಿತ್ತುಕೊಂಡರೆ ನಗುತ್ತಾ ಕೂರುತ್ತಾರೆಯೇ?

1983ರ ಮೇ ತಿಂಗಳಲ್ಲಿ ಕೆಳಗಿನ ಕೋರ್ಟ್ ಸೂಸಿಯ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಅಷ್ಟು ಹೊತ್ತಿಗೆ ದೇಶದ ಪತ್ರಿಕೆಗಳೆಲ್ಲ ಲೂಸಿಯಾನವನ್ನು ನೋಡಿ ನಗಲು ಶುರು ಮಾಡಿದ್ದವು. ನ್ಯೂ ಆರ್ಲಿಯನ್ಸ್‌ನ ಕರಿಯ ಶಾಸಕ ಲೀ ಫ್ರೇಜಿಯರ್ ಕಾನೂನು ರದ್ದು ಮಾಡುವ ಮಸೂದೆ ತಂದರು. ಅದೇ ಬೇಸಿಗೆಯಲ್ಲಿ ಅದು ಪಾಸಾಯಿತು, ಗವರ್ನರ್ ಡೇವ್ ಟ್ರೀನ್ ಸಹಿ ಹಾಕಿದರು. ಮೂವತ್ತೆರಡರ ಲೆಕ್ಕ ಮುಗಿಯಿತು. ಮುಂದೆ ಹುಟ್ಟುವ ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮ ಹೇಳಿದ್ದೇ ದಾಖಲೆ.

ಸೂಸಿಗೆ ಮಾತ್ರ ಇದರಿಂದ ಏನೂ ಆಗಲಿಲ್ಲ. 1985ರಲ್ಲಿ ಮೇಲ್ಮನವಿ ಕೋರ್ಟಿನ ತೀರ್ಪು ಬಂತು. ಈ ತೀರ್ಪು ಓದಲೇಬೇಕಾದದ್ದು. ಜನಾಂಗದ ಗುರುತು ಎಂಬುದು ಸಮಾಜದ, ಸಂಸ್ಕೃತಿಯ ಗ್ರಹಿಕೆ ಮಾತ್ರ ಎಂದು ಕೋರ್ಟ್ ಒಪ್ಪಿಕೊಂಡಿತು. ಆಹಾ, ಗೆದ್ದೆವು ಅನ್ನಿಸುತ್ತದೆ ಅಲ್ವಾ? ಮುಂದಿನ ಹೆಜ್ಜೆ ನೋಡಿ. ಗ್ರಹಿಕೆ ಮಾತ್ರವೇ ಆಗಿರುವುದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಹುಟ್ಟಿದ ಹೊತ್ತಿನಲ್ಲಿ ಜನ ಹೇಗೆ ಗ್ರಹಿಸಿದ್ದರೋ ಹಾಗೇ ಬರೆದಿದ್ದಾರೆಯೇ? ಹೌದು, ಹಾಗೇ ಬರೆದಿದ್ದಾರೆ. ಹಾಗಾದರೆ ದಾಖಲೆಯಲ್ಲಿ ತಪ್ಪಿಲ್ಲ. ತಿದ್ದುವಂತಿಲ್ಲ.

ತರ್ಕದಲ್ಲಿ ಬಿರುಕು ಕಾಣುವುದಿಲ್ಲ, ಅದೇ ತೊಂದರೆ. ವಿಜ್ಞಾನ ಜನಾಂಗವನ್ನು ಕೈಬಿಟ್ಟರೂ ಕಾಗದ ಕೈಬಿಡುವುದಿಲ್ಲ, ಯಾಕೆಂದರೆ ಕಾಗದ ಯಾವತ್ತೂ ವಿಜ್ಞಾನದ ಮೇಲೆ ನಿಂತೇ ಇರಲಿಲ್ಲ. 1934ರ ಸೂಲಗಿತ್ತಿಯ ಕಣ್ಣು, ಆ ಊರಿನವರ ಮಾತು, ಅದೇ ಅದರ ಆಧಾರ. ಆ ಕಣ್ಣನ್ನು ಈಗ ಸುಳ್ಳು ಮಾಡುವುದು ಹೇಗೆ? ಇನ್ನೊಂದು ತೊಡಕು: ಆ ಮೂರು ಅಕ್ಷರ ಬರೆದಿರುವುದು ಅಪ್ಪ ಅಮ್ಮನ ಹೆಸರಿನ ಎದುರು. ಮಗಳ ಪಾಲಿಗೆ ಅದನ್ನು ತಿದ್ದಬೇಕಾದರೆ ಸತ್ತವರ ಜನಾಂಗವನ್ನೇ ತಿದ್ದಬೇಕು.

ಇವತ್ತಾಗಿದ್ದರೆ ಸೂಸಿ ಡಿಎನ್‌ಎ ಪರೀಕ್ಷೆಗೆಂದು ಡಬ್ಬಿಯೊಂದಕ್ಕೆ ಉಗುಳಿ ಅಂಚೆಗೆ ಹಾಕುತ್ತಿದ್ದರು, ಕೆಲವು ವಾರಕ್ಕೆ ಶೇಕಡಾವಾರು ಪಟ್ಟಿ ಬರುತ್ತಿತ್ತು. ಅದು ಐದು ಕೆಜಿ ಕಡತಕ್ಕಿಂತ ಸತ್ಯವೇ? ಒಂದು ರೀತಿಯಲ್ಲಿ ಹೌದು, ಕಣ್ಣಳತೆಯ ಮೇಲೆ ನಿಂತಿಲ್ಲ. ಆದರೆ ಅದೂ ಮೂವತ್ತೆರಡರ ಲೆಕ್ಕದ ಹಾಗೆ ಸಲೀಸಲ್ಲ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುವುದು ಖಂಡಿತ. ಆದರೆ ಅಜ್ಜ ಅಜ್ಜಿಯರಿಂದ ಸರಿಯಾಗಿ ಕಾಲು ಕಾಲು ಬರಬೇಕೆಂದಿಲ್ಲ, ಒಬ್ಬರದು ಜಾಸ್ತಿ, ಒಬ್ಬರದು ಕಡಿಮೆ ಬರುತ್ತದೆ. ಆರು ಮೆಟ್ಟಿಲು ಹಿಂದಿನವರ ಪಾಲಂತೂ ಅಕ್ಕನಲ್ಲಿ ಒಂದಿಷ್ಟು, ತಂಗಿಯಲ್ಲಿ ಅದರ ಅರ್ಧ ಇರಬಹುದು. ಮೂವತ್ತೆರಡರ ಕಾನೂನನ್ನು ಡಿಎನ್‌ಎ ಹಿಡಿದು ಜಾರಿ ಮಾಡಿದ್ದರೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಬಿಳಿಯಳು, ಒಬ್ಬಳು ಕರಿಯಳು ಆಗುವ ಸಂಭವ ಇತ್ತು. ಮೇಲಾಗಿ ಆ ಶೇಕಡಾವಾರು ಬರುವುದು ಕಂಪನಿ ಇಟ್ಟುಕೊಂಡಿರುವ ಹೋಲಿಕೆಯ ಮಾದರಿಗಳಿಂದ. ಮಾದರಿ ಬದಲಾದರೆ ನಿಮ್ಮ ಶೇಕಡಾವಾರೂ ಬದಲಾಗುತ್ತದೆ, ನೀವು ಮತ್ತೆ ಉಗುಳದೇ ಇದ್ದರೂ.

ಮನೆಯ ಹಳೇ ಕಾಗದದಲ್ಲಿ ಹೀಗೆ ಅನಿರೀಕ್ಷಿತ ಪದವೊಂದು ಸಿಕ್ಕಿದವರಿಗೆ ಈ ಕೇಸಿನಿಂದ ಉಪಯೋಗಕ್ಕೆ ಬರುವುದು ಒಂದಿದೆ. ಪದವನ್ನು ಓದುವ ಮುಂಚೆ ಅದನ್ನು ಬರೆದವರು ಯಾರು, ಯಾರ ಮಾತು ಕೇಳಿ ಬರೆದರು, ಆ ವರ್ಷ ಆಯ್ಕೆಗೆ ಇದ್ದ ಪದಗಳು ಎಷ್ಟು ಎಂದು ನೋಡಿ. ಒಂದೇ ದಾಖಲೆ ನೋಡಿ ತೀರ್ಮಾನಕ್ಕೆ ಬರಬೇಡಿ. ಅದೇ ವ್ಯಕ್ತಿ ಹತ್ತು ವರ್ಷ ಮುಂಚೆ, ಹತ್ತು ವರ್ಷ ಆಮೇಲೆ ಏನಾಗಿದ್ದರು ಎಂದು ಹುಡುಕಿ. ಪದ ಎಲ್ಲಿ ಬದಲಾಗುತ್ತದೋ ಅಲ್ಲಿ ಮನೆಯಲ್ಲಿ ಏನೋ ನಡೆದಿರುತ್ತದೆ: ಊರು ಬಿಟ್ಟಿರುತ್ತಾರೆ, ಮದುವೆಯಾಗಿರುತ್ತದೆ, ಇಲ್ಲವೇ ಗಣತಿಯ ಫಾರಂ ಮಾತ್ರ ಬದಲಾಗಿರುತ್ತದೆ. ಮತ್ತೆ, ಯಾವ ಚಿಕ್ಕಪ್ಪನ ಬಗ್ಗೆ ಮನೆಯಲ್ಲಿ ಯಾರೂ ಮಾತೇ ಆಡುವುದಿಲ್ಲವೋ ಅವರ ಮಕ್ಕಳನ್ನು ಹುಡುಕಿ ಮಾತಾಡಿಸಿ. ಸೂಸಿಯ ಕೇಸಿನಲ್ಲಿ ತಜ್ಞರು ಚರ್ಚುಗಳಲ್ಲಿ ಹುಡುಕಿದ ಉತ್ತರ ಅವರ ಕೆಲವು ಬಂಧುಗಳ ಬಾಯಲ್ಲೇ ಇತ್ತು.

ರಾಜ್ಯದ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ. 1986ರ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ವಾದ ಕೇಳದೆ ಮೇಲ್ಮನವಿಯನ್ನು ತಳ್ಳಿಹಾಕಿತು. ಪಾಸ್‌ಪೋರ್ಟ್ ಅರ್ಜಿಯಿಂದ ಅಲ್ಲಿಗೆ ಒಂಬತ್ತು ವರ್ಷ. ಸೂಸಿಯ ಮಕ್ಕಳು ಮೊಮ್ಮಕ್ಕಳ ಕಾಗದದಲ್ಲಿ 'ಬಿಳಿಯ' ಎಂಬುದು ಹಾಗೇ ಉಳಿಯಿತು. ಅಪ್ಪ ಅಮ್ಮನನ್ನು ಮಣ್ಣು ಮಾಡಿದ್ದೂ ಬಿಳಿಯರೆಂದೇ. ನಡುವೆ ನ್ಯೂ ಆರ್ಲಿಯನ್ಸ್‌ನ ಕಚೇರಿಯಲ್ಲಿದ್ದ 1934ರ ಕಾಗದದ ಮೇಲೆ ಮಾತ್ರ ಆ ಮೂರು ಅಕ್ಷರ, ಒಂದು ಚುಕ್ಕೆ.